ಕರೆಂಟ್ ಕಳ್ಳತನ: ಬೀದಿಯ ಟಿಸಿಯಿಂದ ಬೆಸ್ಕಾಂ ಸರ್ವರ್‌ವರೆಗೆ ಲೆಕ್ಕ ಸಿಗೋದು ಹೇಗೆ? ದಂಡ ಎಷ್ಟು, ಹಕ್ಕು ಏನು?

ತುಮಕೂರು: ಸಂಜೆ ಏಳಾಗುತ್ತಿದ್ದಂತೆ ಬಲ್ಬು ಮಂಕಾಗುತ್ತೆ, ಮಿಕ್ಸಿ ಗೊರಗೊರ ಅನ್ನುತ್ತೆ, ಮೋಟರ್ ನೀರೆತ್ತಲ್ಲ. ಉಪ್ಪಾರಹಳ್ಳಿಯಲ್ಲಾಗಲಿ, ಗುಬ್ಬಿ–ಕುಣಿಗಲ್ ಕಡೆಯ ಹಳ್ಳಿಯಲ್ಲಾಗಲಿ ಜನ ಮೊದಲು ಹೇಳೋದು ಒಂದೇ ಮಾತು, 'ಟಿಸಿ ಮೇಲೆ ಲೋಡ್ ಜಾಸ್ತಿ ಆಗಿದೆ'. ಮಾತು ಸರಿ. ಆದರೆ ಆ ಲೋಡ್‌ನಲ್ಲಿ ಬಿಲ್ ಕಟ್ಟುವವರದ್ದು ಎಷ್ಟು, ಕೊಕ್ಕೆ ಹಾಕಿದವರದ್ದು ಎಷ್ಟು ಅಂತ ಕೇಳಿದರೆ ಉತ್ತರ ಸಿಗೋದು ಕಷ್ಟ. ಆ ಉತ್ತರ ಹುಡುಕೋ ಕೆಲಸವನ್ನೇ ಈಗ ಮೀಟರ್ ಕಂಪನಿಗಳು, ಸಾಫ್ಟ್‌ವೇರ್ ಕಂಪನಿಗಳು ಮಾಡುತ್ತಿವೆ. ಸ್ಮಾರ್ಟ್ ಮೀಟರ್, ಟಿಸಿ ಕೋಡ್, ಆಡಿಟ್ ಅಂತ ಕೇಳಿಬರುವ ಮಾತುಗಳ ಅರ್ಥ ಏನು, ಸಿಕ್ಕಿಬಿದ್ದರೆ ಏನಾಗುತ್ತೆ, ತಪ್ಪು ಮಾಡದವರು ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು ಅನ್ನೋ ಮಾಹಿತಿ ಇಲ್ಲಿದೆ.

ನಮ್ಮ ಕಡೆ ಟಿಸಿ ಅಂದರೆ ವಿತರಣಾ ಟ್ರಾನ್ಸ್‌ಫಾರ್ಮರ್. 11 ಕೆವಿ ಲೈನ್‌ನಲ್ಲಿ ಬರುವ ಕರೆಂಟನ್ನು ಮನೆಗೆ, ಪಂಪ್‌ಸೆಟ್‌ಗೆ ಬೇಕಾದ ವೋಲ್ಟೇಜಿಗೆ ಇಳಿಸುವ ಪೆಟ್ಟಿಗೆ. 25, 63, 100 ಕೆವಿಎ ಗಾತ್ರದವು ಎಲ್ಲ ಕಡೆ ಕಾಣುತ್ತವೆ. 100 ಕೆವಿಎ ಟಿಸಿ ಒಂದು ಫೇಸ್‌ಗೆ ಸುಮಾರು 133 ಆ್ಯಂಪಿಯರ್ ಕೊಡಬಲ್ಲದು, ಅದಕ್ಕಿಂತ ಹೆಚ್ಚು ಎಳೆದರೆ ಬಿಸಿಯಾಗುತ್ತೆ. ಒಳಗಿನ ಎಣ್ಣೆ ಆ ಬಿಸಿಯನ್ನು ಹೊರಹಾಕುತ್ತೆ, ಸುರುಳಿಗಳ ನಡುವೆ ನಿರೋಧಕವಾಗಿಯೂ ಇರುತ್ತೆ. ಆ ಎಣ್ಣೆಯನ್ನೇ ಕದ್ದು ಮಾರುವವರಿದ್ದಾರೆ. ಎಣ್ಣೆ ಹೋದ ಟಿಸಿ ಸುಡೋದಕ್ಕೆ ಜಾಸ್ತಿ ಹೊತ್ತು ಬೇಡ. ಒಳಗಿನ ತಾಮ್ರ, ಅಲ್ಯೂಮಿನಿಯಂ ಸುರುಳಿ ಮತ್ತು ಕಂಬದ ಮೇಲಿನ ತಂತಿಗೂ ಗುಜರಿಯಲ್ಲಿ ಬೆಲೆ ಇದೆ.

ಹಾಗಾಗಿ ಕಳ್ಳತನ ಅಂದಾಗ ಎರಡು ಬೇರೆ ಬೇರೆ ವಿಷಯ. ಒಂದು, ಕರೆಂಟನ್ನೇ ಕದಿಯೋದು. ಇನ್ನೊಂದು, ಕರೆಂಟ್ ತರುವ ಸಾಮಾನನ್ನು ಕದಿಯೋದು. 2003ರ ವಿದ್ಯುತ್ ಕಾಯ್ದೆ ಇವೆರಡಕ್ಕೂ ಬೇರೆ ಸೆಕ್ಷನ್ ಇಟ್ಟಿದೆ. ಮೊದಲನೆಯದಕ್ಕೆ 135, ಎರಡನೆಯದಕ್ಕೆ 136. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡುಕೊಂಡ ಗುಜರಿಯವನಿಗೆ 137. ಈ ಮೂರನೆಯದು ಜನರಿಗೆ ಅಷ್ಟಾಗಿ ಗೊತ್ತಿಲ್ಲ.

ಲೆಕ್ಕ ಶುರುವಾಗೋದು ಟಿಸಿ ಕೆಳಗೆ

ಕಳ್ಳತನ ಹಿಡಿಯುವ ತಂತ್ರಜ್ಞಾನ ಎಷ್ಟೇ ದೊಡ್ಡ ಹೆಸರಿನದ್ದಾದರೂ ಅದರ ಮೂಲ ಒಂದು ಕಳೆಯುವ ಲೆಕ್ಕ. ಟಿಸಿಗೆ ಒಂದು ಮೀಟರ್ ಹಾಕಬೇಕು. ಆ ಟಿಸಿಯಿಂದ ಕರೆಂಟ್ ಹೋಗುವ ಎಲ್ಲ ಮನೆ, ಅಂಗಡಿ, ಬೀದಿದೀಪದ ಮೀಟರ್ ರೀಡಿಂಗ್ ಕೂಡಿಸಬೇಕು. ಉದಾಹರಣೆಗೆ ಟಿಸಿ ಮೀಟರ್ ತಿಂಗಳಿಗೆ 10,000 ಯೂನಿಟ್ ತೋರಿಸಿ, ಕೆಳಗಿನ ಮೀಟರ್‌ಗಳ ಮೊತ್ತ 8,000 ಬಂದರೆ 2,000 ಯೂನಿಟ್ ಎಲ್ಲೋ ಹೋಗಿದೆ ಅಂತ ಅರ್ಥ. ಇದಕ್ಕೆ ಎನರ್ಜಿ ಆಡಿಟ್ ಅನ್ನುತ್ತಾರೆ.

ಆ 2,000 ಯೂನಿಟ್ ಪೂರ್ತಿ ಕಳ್ಳತನ ಅಲ್ಲ. ತಂತಿ ಬಿಸಿಯಾಗಿ ಸ್ವಲ್ಪ ಹೋಗುತ್ತೆ. ತಂತಿಯಲ್ಲಿ ಹರಿಯುವ ಕರೆಂಟ್ ಎರಡರಷ್ಟಾದರೆ ಬಿಸಿಯಾಗಿ ಹೋಗೋ ನಷ್ಟ ನಾಲ್ಕರಷ್ಟಾಗುತ್ತೆ. ಅಂದರೆ ಒಬ್ಬ ಕೊಕ್ಕೆ ಹಾಕಿದರೆ ಅವನು ಎಳೆದಷ್ಟೇ ಅಲ್ಲ, ಅವನಿಂದ ಇಡೀ ಲೈನಿನ ನಷ್ಟವೂ ಏರುತ್ತೆ. ಕೆಟ್ಟುನಿಂತ ಮೀಟರ್‌ಗೆ ಸರಾಸರಿ ಬಿಲ್ ಹಾಕಿರೋದು, ಬೀಗ ಹಾಕಿದ ಮನೆಗೆ ಅಂದಾಜು ಬಿಲ್ ಕೊಟ್ಟಿರೋದು ಇವೂ ಆ ವ್ಯತ್ಯಾಸದಲ್ಲೇ ಸೇರಿಕೊಂಡಿರುತ್ತವೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಯಾವ ಮನೆ ಯಾವ ಟಿಸಿಗೆ ಸೇರಿದ್ದು ಅನ್ನೋ ಪಟ್ಟಿ ಸರಿ ಇರಬೇಕು. ಪ್ರತಿ ಸಂಪರ್ಕಕ್ಕೂ ಆರ್‌ಆರ್ ನಂಬರ್ ಇರುತ್ತೆ, ಆ ನಂಬರನ್ನು ಟಿಸಿ ಜೊತೆ ಜೋಡಿಸಿರಬೇಕು. ಲೋಡ್ ಹೆಚ್ಚಾಯ್ತು ಅಂತ ಲೈನ್‌ಮ್ಯಾನ್ ಹತ್ತು ಮನೆಯನ್ನು ಪಕ್ಕದ ಬೀದಿ ಟಿಸಿಗೆ ಬದಲಾಯಿಸಿ, ದಾಖಲೆಯಲ್ಲಿ ಬದಲಾಯಿಸದೇ ಹೋದರೆ ಕಂಪ್ಯೂಟರ್‌ನಲ್ಲಿ ಒಂದು ಟಿಸಿಗೆ ಭಾರೀ ನಷ್ಟ, ಇನ್ನೊಂದಕ್ಕೆ 'ಮೈನಸ್ ನಷ್ಟ' ಕಾಣುತ್ತೆ. ಕೊಟ್ಟಿದ್ದಕ್ಕಿಂತ ಹೆಚ್ಚು ಕರೆಂಟ್ ಮಾರಾಟ ಆಗಿದೆ ಅಂತ ಲೆಕ್ಕ ಬಂದರೆ ಅಲ್ಲಿ ಪಟ್ಟಿಯೇ ತಪ್ಪಿದೆ ಅಂತ ತಿಳಿಯಬೇಕು. ಪಟ್ಟಿ ತಪ್ಪಿದ ಕಡೆ ಕಳ್ಳನಿಗೂ ಅವನ ಜೊತೆ ಕೈ ಸೇರಿಸಿದವನಿಗೂ ಅಡಗಿಕೊಳ್ಳೋಕೆ ಜಾಗ ಇರುತ್ತೆ. ದುಬಾರಿ ಮೀಟರ್‌ಗಿಂತ ಈ ಪಟ್ಟಿಯೇ ಮುಖ್ಯ ಅಂದರೂ ತಪ್ಪಿಲ್ಲ.

ಕಂಪನಿಗಳು ಬಂದದ್ದು ಯಾವಾಗ?

ಕರ್ನಾಟಕ ವಿದ್ಯುತ್ ಮಂಡಳಿ, ಅಂದರೆ ಕೆಇಬಿ, 1957ರಲ್ಲಿ ಶುರುವಾಯಿತು. ಈಗಲೂ ಹಳ್ಳಿಯಲ್ಲಿ 'ಕೆಇಬಿಯವ್ರು' ಅಂತಲೇ ಕರೆಯೋದು. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ ಹುಟ್ಟಿತು. ತುಮಕೂರು ಸೇರಿ ಎಂಟು ಜಿಲ್ಲೆ ಈಗ ಬೆಸ್ಕಾಂ ವ್ಯಾಪ್ತಿಯಲ್ಲಿವೆ.

ಕೇಂದ್ರ ಸರ್ಕಾರ 2008ರಲ್ಲಿ ಆರ್-ಎಪಿಡಿಆರ್‌ಪಿ ಯೋಜನೆ ತಂದಾಗ 30,000ಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಮೀಟರ್, ಬಿಲ್ಲಿಂಗ್, ಆಡಿಟ್ ಎಲ್ಲವನ್ನೂ ಕಂಪ್ಯೂಟರ್‌ಗೆ ತರಬೇಕು, ನಷ್ಟವನ್ನು ಶೇ 15ಕ್ಕಿಂತ ಕೆಳಗೆ ಇಳಿಸಬೇಕು ಅನ್ನೋದು ಗುರಿ. ಕರ್ನಾಟಕದಲ್ಲಿ ಆ ಐಟಿ ಕೆಲಸ ಇನ್ಫೋಸಿಸ್ ಪಾಲಿಗೆ ಬಂತು. ಮೀಟರ್ ತಯಾರಿಕೆಯಲ್ಲೂ ರಾಜ್ಯಕ್ಕೆ ಹೆಸರಿದೆ. ಎಲ್ ಆ್ಯಂಡ್ ಟಿ ಕಂಪನಿ ಮೈಸೂರಿನಲ್ಲಿ ಮೀಟರ್ ತಯಾರಿಸುತ್ತಿತ್ತು, ಆ ಕಂಪನಿಯ ಎಲೆಕ್ಟ್ರಿಕಲ್ ವ್ಯವಹಾರ 2020ರಲ್ಲಿ ಶ್ನೈಡರ್ ಎಲೆಕ್ಟ್ರಿಕ್ ಕೈಗೆ ಹೋಯಿತು. ಮೀಟರ್‌ಗಳನ್ನು ಪರೀಕ್ಷೆ ಮಾಡುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ಬೆಂಗಳೂರಿನಲ್ಲೇ ಇದೆ.

ಇಂಥ ಕೆಲಸದಿಂದ ಏನಾಗಬಹುದು ಅನ್ನೋದಕ್ಕೆ ದೇಶದಲ್ಲಿ ಎಲ್ಲರೂ ತೋರಿಸೋದು ದೆಹಲಿಯನ್ನು. 2002ರಲ್ಲಿ ಉತ್ತರ ದೆಹಲಿಯ ವಿತರಣೆ ಟಾಟಾ ಪವರ್ ಕಂಪನಿ ಕೈಗೆ ಬಂದಾಗ ಅಲ್ಲಿನ ಒಟ್ಟು ನಷ್ಟ ಶೇ 53ರ ಹತ್ತಿರ ಇತ್ತು. ಅರ್ಧಕ್ಕರ್ಧ ಕರೆಂಟಿಗೆ ದುಡ್ಡೇ ಬರುತ್ತಿರಲಿಲ್ಲ! ಈಗ ಅದು ಶೇ 10ಕ್ಕಿಂತ ಕಡಿಮೆ. ಎಲೆಕ್ಟ್ರಾನಿಕ್ ಮೀಟರ್ ಜೊತೆಗೆ ಬರಿ ತಂತಿ ತೆಗೆದು ಹೊದಿಕೆ ಇರುವ ಏರಿಯಲ್ ಕೇಬಲ್ ಎಳೆದದ್ದು, ಕೊಕ್ಕೆ ಹಾಕುವ ಕಡೆಗೆ 11 ಕೆವಿ ಲೈನನ್ನೇ ತಂದು ಚಿಕ್ಕ ಟಿಸಿ ಕೂರಿಸಿದ್ದು ಕೂಡ ಕೆಲಸ ಮಾಡಿದವು. ಹೊದಿಕೆ ಇರುವ ಕೇಬಲ್‌ಗೆ ಕೊಕ್ಕೆ ಹತ್ತಲ್ಲ, 11 ಕೆವಿ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಆದರೆ ತುಮಕೂರು ದೆಹಲಿಯಲ್ಲ. ಇಲ್ಲಿ ನಗರದ ಪಕ್ಕದಲ್ಲೇ ತೆಂಗು, ಅಡಿಕೆ ತೋಟ, ತೋಟಕ್ಕೆ ಕೊಳವೆಬಾವಿ.

ಮೀಟರಿಲ್ಲದ ಪಂಪ್‌ಸೆಟ್

ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಉಚಿತ, ದುಡ್ಡನ್ನು ಸರ್ಕಾರ ಎಸ್ಕಾಂಗಳಿಗೆ ಕೊಡುತ್ತೆ. ಬಹುಪಾಲು ಪಂಪ್‌ಸೆಟ್‌ಗೆ ಮೀಟರ್ ಇಲ್ಲ. ಹಾಗಿದ್ದಾಗ ಪಂಪ್‌ಸೆಟ್ ಎಷ್ಟು ಯೂನಿಟ್ ಬಳಸಿತು ಅನ್ನೋದು ಅಂದಾಜು. ಬೇರೆ ಕಡೆಯ ಕಳ್ಳತನ, ಸೋರಿಕೆಯನ್ನು 'ರೈತರು ಬಳಸಿದ್ದು' ಅಂತ ಈ ಅಂದಾಜಿನೊಳಗೆ ಹಾಕಿಬಿಟ್ಟರೆ ನಷ್ಟ ಕಡಿಮೆ ಕಾಣುತ್ತೆ, ಸಬ್ಸಿಡಿ ಹೆಚ್ಚು ಸಿಗುತ್ತೆ. ದೇಶದ ಹಲವು ವಿದ್ಯುತ್ ನಿಯಂತ್ರಣ ಆಯೋಗಗಳು ಬಹಳ ವರ್ಷದಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇದು. ಕರ್ನಾಟಕದ ಆಯೋಗ ಕೆಇಆರ್‌ಸಿ ಕೂಡ ಕೃಷಿ ಫೀಡರ್‌ಗಳ ಮೀಟರ್ ರೀಡಿಂಗ್ ಆಧಾರದಲ್ಲೇ ಲೆಕ್ಕ ಕೊಡಿ ಅಂತ ಎಸ್ಕಾಂಗಳಿಗೆ ಹೇಳುತ್ತಾ ಬಂದಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿ ಮನೆಗಳ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದ್ದರಿಂದ ಈ ಲೆಕ್ಕ ಸ್ವಲ್ಪ ಸುಲಭವಾಯಿತು. ಪಂಪ್‌ಸೆಟ್ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿ ಅಂತ ಕೇಳುತ್ತಿರೋದಕ್ಕೂ ಕಾರಣ ಇದೇ. ನಿಜಕ್ಕೂ ಎಷ್ಟು ಪಂಪ್‌ಸೆಟ್ ಇವೆ ಅನ್ನೋದು ಮೊದಲು ಗೊತ್ತಾಗಬೇಕಲ್ಲ.

ಅನುಮತಿ ಇಲ್ಲದೆ ಹಾಕಿಕೊಂಡ ಪಂಪ್‌ಸೆಟ್ ಕಳ್ಳತನವೇ ಅಂತ ಕೇಳಿದರೆ ಕಾನೂನಿನ ಪ್ರಕಾರ ಹೌದು. ಆದರೆ ಅದನ್ನು ಉಪ್ಪಾರಹಳ್ಳಿಯ ಅಂಗಡಿಯವನ ಕೊಕ್ಕೆ ಜೊತೆ ಒಂದೇ ತಕ್ಕಡಿಗೆ ಹಾಕೋದು ಕಷ್ಟ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ರೈತರು ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ. ಸರ್ಕಾರವೂ ಅದಕ್ಕೇ ಅಕ್ರಮ–ಸಕ್ರಮ ಅಂತ ಯೋಜನೆ ತಂದದ್ದು. ತೊಂದರೆ ಆಗೋದು ಮಾತ್ರ ಪಕ್ಕದ ತೋಟದವನಿಗೆ. 25 ಕೆವಿಎ ಟಿಸಿ 5 ಎಚ್‌ಪಿಯ ಸುಮಾರು ಐದು ಮೋಟರ್ ತಡೆಯುತ್ತೆ. ಅದಕ್ಕೆ ಲೆಕ್ಕದಲ್ಲಿಲ್ಲದ ಇನ್ನೂ ಮೂರು ಸೇರಿದರೆ ಬೇಸಿಗೆಯಲ್ಲಿ ಸುಟ್ಟೇ ಸುಡುತ್ತೆ. ಆಗ ಬಿಲ್ಲಿನವರು, ಬಿಲ್ಲಿಲ್ಲದವರು ಎಲ್ಲರ ತೋಟವೂ ಒಣಗುತ್ತೆ.

ಸುಟ್ಟ ಟಿಸಿ ಹೋಗೋದೆಲ್ಲಿಗೆ?

ಭ್ರಷ್ಟಾಚಾರದ ದೂರುಗಳಲ್ಲಿ ಹೆಚ್ಚು ಕೇಳಿಬರೋದು ಇದೇ ಹಂತದಲ್ಲಿ. ಟಿಸಿ ಸುಟ್ಟಿತು ಅಂದರೆ ರೈತರು ಚಂದಾ ಎತ್ತಿ, ಟ್ರ್ಯಾಕ್ಟರ್ ಮಾಡಿ ಹೊಸದು ತರಬೇಕು ಅನ್ನೋದು ರಾಜ್ಯದ ಹಳ್ಳಿಗಳಲ್ಲಿ ಹಳೇ ದೂರು. ನಿಯಮದಲ್ಲಿ ಹಾಗಿಲ್ಲ. ಕೆಇಆರ್‌ಸಿ ಮಾನದಂಡದ ಪ್ರಕಾರ ಕೆಟ್ಟ ಟಿಸಿಯನ್ನು ನಗರ–ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕು. ಆಗದಿದ್ದರೆ ಗ್ರಾಹಕ ಪರಿಹಾರ ಕೇಳಬಹುದು.

ಇಲ್ಲಿ ಸಾಫ್ಟ್‌ವೇರ್ ಮಾಡುವ ಕೆಲಸ ಸರಳ, ಆದರೆ ಉಪಯೋಗ ದೊಡ್ಡದು. ಬೆಸ್ಕಾಂ ಬಳಸುತ್ತಿರುವ ಡಿಟಿಎಲ್‌ಎಂಎಸ್, ಅಂದರೆ ಟಿಸಿಯ ಹುಟ್ಟಿನಿಂದ ಗುಜರಿವರೆಗಿನ ಜಾತಕ ಇಡುವ ತಂತ್ರಾಂಶ. ಕಂಬದ ಜಾಗಕ್ಕೆ ಒಂದು ಕೋಡ್, ಅಲ್ಲಿ ಕೂರಿಸಿದ ಪೆಟ್ಟಿಗೆಗೆ ಇನ್ನೊಂದು ನಂಬರ್. ಟಿಸಿ ಸುಟ್ಟಾಗ ಯಾವ ನಂಬರಿನದ್ದು ಇಳಿಯಿತು, ಸ್ಟೋರ್‌ನಿಂದ ಯಾವುದು ಹೊರಟಿತು, ಸುಟ್ಟದ್ದು ರಿಪೇರಿಗೆ ಯಾವಾಗ ಹೋಯಿತು ಅನ್ನೋದು ಹಂತ ಹಂತವಾಗಿ ದಾಖಲಾಗುತ್ತೆ. ಎರಡು ನಂಬರ್ ಬೇಕಾಗೋದು ಯಾಕೆ ಅಂದರೆ ಜಾಗ ಅಲ್ಲೇ ಇರುತ್ತೆ, ಪೆಟ್ಟಿಗೆ ಬದಲಾಗುತ್ತಿರುತ್ತೆ. ಮುಂಚೆ ಪುಸ್ತಕದಲ್ಲಿ ಬರೆಯುತ್ತಿದ್ದಾಗ ರಿಪೇರಿ ಆಗದ ಟಿಸಿಗೆ ಬಿಲ್ ಮಾಡೋದು, ವಾರಂಟಿ ಇರೋದಕ್ಕೂ ದುಡ್ಡು ಕೊಡೋದು, ಒಳ್ಳೇ ಪೆಟ್ಟಿಗೆಯನ್ನು ಸುಟ್ಟದ್ದು ಅಂತ ತೋರಿಸೋದು ಇಂಥವನ್ನು ಕಂಡುಹಿಡಿಯೋದು ಕಷ್ಟವಿತ್ತು. ಈಗ ಒಂದೇ ಜಾಗದಲ್ಲಿ ಟಿಸಿ ಮತ್ತೆ ಮತ್ತೆ ಸುಟ್ಟರೆ ಬೆಂಗಳೂರಿನಲ್ಲಿ ಕೂತವರಿಗೂ ಕಾಣಿಸುತ್ತೆ. ರಾಜ್ಯದಲ್ಲಿ 2022ರ ಮೇ ತಿಂಗಳಲ್ಲಿ ಟಿಸಿ ನಿರ್ವಹಣಾ ಅಭಿಯಾನವೂ ನಡೆದಿತ್ತು. ಆದರೂ ಒಂದು ಮಾತು. ನಂಬರನ್ನು ಟೈಪ್ ಮಾಡೋದು ಮನುಷ್ಯನೇ. ಸುಳ್ಳು ಟೈಪ್ ಮಾಡಿದರೆ ಕಂಪ್ಯೂಟರ್ ಸುಳ್ಳನ್ನೇ ಜೋಪಾನವಾಗಿ ಇಡುತ್ತೆ. ಆದರೆ ಯಾವ ಲಾಗಿನ್‌ನಿಂದ, ಎಷ್ಟು ಗಂಟೆಗೆ ಅನ್ನೋದೂ ಅದರ ಜೊತೆಗೇ ಉಳಿಯುತ್ತೆ.

ಸ್ಮಾರ್ಟ್ ಮೀಟರ್ ಏನು ನೋಡುತ್ತೆ?

ಹಳೇ ಡಿಜಿಟಲ್ ಮೀಟರ್ ತಿಂಗಳಿಗೊಂದು ಅಂಕಿ ಕೊಡುತ್ತೆ. ಸ್ಮಾರ್ಟ್ ಮೀಟರ್ ಅರ್ಧ ಗಂಟೆ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಲೆಕ್ಕ ಬರೆದುಕೊಂಡು ತಾನೇ ಸರ್ವರ್‌ಗೆ ಕಳಿಸುತ್ತೆ. ಮುಚ್ಚಳ ತೆರೆದರೆ, ಹತ್ತಿರ ಅಯಸ್ಕಾಂತ ತಂದರೆ, ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ದರೆ ದಿನಾಂಕ, ಸಮಯದ ಸಮೇತ ಗುರುತು ಹಾಕಿಕೊಳ್ಳುತ್ತೆ. ಇಂಥ ಮೀಟರ್‌ಗೆ ಭಾರತೀಯ ಮಾನಕ ಐಎಸ್ 16444 ಇದೆ, 2015ರದ್ದು. ಮೀಟರ್ ನೋಡೋಕೆ ಆಳು ಬರಬೇಕಿಲ್ಲದ ಕಾರಣ 'ಇಷ್ಟು ಕೊಡಿ, ಕಡಿಮೆ ಬರೆದುಕೊಳ್ತೀನಿ' ಅನ್ನೋ ವ್ಯವಹಾರಕ್ಕೂ ದಾರಿ ಮುಚ್ಚುತ್ತೆ.

ಆದರೆ ಕೊಕ್ಕೆ ಹಾಕಿದವನಿಗೆ ಮೀಟರೇ ಇರಲ್ಲ. ಅವನನ್ನು ಸ್ಮಾರ್ಟ್ ಮೀಟರ್ ಹಿಡಿಯಲ್ಲ, ಟಿಸಿ ಮೀಟರ್ ಹಿಡಿಯಬೇಕು. ಟಿಸಿ ಮೀಟರ್ ಇಲ್ಲದೆ ಬರೀ ಮನೆಗೆ ಸ್ಮಾರ್ಟ್ ಮೀಟರ್ ಹಾಕಿದರೆ ಬಿಲ್ ಕಟ್ಟುವವರ ಮೇಲಷ್ಟೇ ಕಣ್ಣಿಟ್ಟ ಹಾಗೆ.

ಬೆಸ್ಕಾಂ ವ್ಯಾಪ್ತಿಯಲ್ಲಿ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯವಾಯಿತು. ಮೊದಲು ಸಾವಿರದ ಆಸುಪಾಸಿನಲ್ಲಿದ್ದ ಸಿಂಗಲ್ ಫೇಸ್ ಮೀಟರ್ ಬೆಲೆ ಸುಮಾರು 5,000 ರೂಪಾಯಿಗೆ ಏರಿದ್ದು ಜನರ ಸಿಟ್ಟಿಗೆ ಕಾರಣ. ಟೆಂಡರ್‌ನಲ್ಲಿ ಅಕ್ರಮ ನಡೆದಿದೆ ಅಂತ ವಿರೋಧ ಪಕ್ಷ ಬಿಜೆಪಿ ಆರೋಪಿಸಿತು, ಇಂಧನ ಸಚಿವ ಕೆ.ಜೆ. ಜಾರ್ಜ್ ಅದನ್ನು ತಳ್ಳಿಹಾಕಿದರು, ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಕಳ್ಳತನ ತಡೆಯೋಕೆ ತಂದ ಮೀಟರ್ ಖರೀದಿಯೇ ವಿವಾದಕ್ಕೆ ಸಿಕ್ಕಿಕೊಂಡದ್ದು ವಿಪರ್ಯಾಸ.

ಸಿಕ್ಕಿಬಿದ್ದರೆ ಏನಾಗುತ್ತೆ?

ಸೆಕ್ಷನ್ 135ರಲ್ಲಿ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಮೊದಲ ಸಲ ಶಿಕ್ಷೆಯಾದರೆ ದಂಡ ಕದ್ದ ಲಾಭದ ಮೂರು ಪಟ್ಟಿಗಿಂತ ಕಡಿಮೆ ಇರುವಂತಿಲ್ಲ, ಎರಡನೇ ಸಲ ಆರು ಪಟ್ಟು. ಲೋಡ್ 10 ಕಿಲೋವ್ಯಾಟ್ ಮೀರಿದ್ದರೆ ಎರಡನೇ ಸಲಕ್ಕೆ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಜೈಲು ಇದೆ. ಕಳ್ಳತನ ಕಂಡ ತಕ್ಷಣ ಲೈನ್ ಕತ್ತರಿಸಬಹುದು, ಕತ್ತರಿಸಿದ 24 ಗಂಟೆಯೊಳಗೆ ಪೊಲೀಸ್ ದೂರು ಕೊಡಬೇಕು. ಲೆಕ್ಕ ಹಾಕಿದ ಮೊತ್ತ ಕಟ್ಟಿದರೆ 48 ಗಂಟೆಯೊಳಗೆ ಕರೆಂಟ್ ವಾಪಸ್ ಕೊಡಬೇಕು. ಕೇಸು ಮಾತ್ರ ಹಾಗೇ ನಡೆಯುತ್ತೆ.

ಕೇಸು ರಾಜಿ ಮಾಡಿಕೊಳ್ಳೋದಕ್ಕೆ ಸೆಕ್ಷನ್ 152 ಇದೆ. ಕಾಯ್ದೆಯ ಮೂಲ ಪಟ್ಟಿಯಲ್ಲಿ ಪ್ರತಿ ಕಿಲೋವ್ಯಾಟ್ ಅಥವಾ ಎಚ್‌ಪಿಗೆ ಕೈಗಾರಿಕೆಗೆ 20,000, ವಾಣಿಜ್ಯಕ್ಕೆ 10,000, ಕೃಷಿಗೆ 2,000, ಉಳಿದವಕ್ಕೆ 4,000 ರೂಪಾಯಿ. ಹಾಗೆ ನೋಡಿದರೆ 2 ಕಿಲೋವ್ಯಾಟ್‌ನ ಮನೆಗೆ 8,000. ಇದು ಕಳೆದ ಕರೆಂಟಿನ ದುಡ್ಡಿನ ಮೇಲೆ ಹೆಚ್ಚುವರಿ. ಈ ಅವಕಾಶ ಒಬ್ಬರಿಗೆ ಒಂದೇ ಸಲ.

ಕಳ್ಳತನಕ್ಕೆ ಸಹಾಯ ಮಾಡಿದವರಿಗೆ ಸೆಕ್ಷನ್ 150. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರ, ಸೂಪರ್‌ವೈಸರ್ ಅಥವಾ ಕೆಲಸಗಾರ ಕೈಜೋಡಿಸಿದ್ದರೆ ಅವನಿಗೂ ಮೂರು ವರ್ಷದವರೆಗೆ ಜೈಲು ಇದೆ, ಲೈಸೆನ್ಸ್ ರದ್ದಾಗುವ ಸಾಧ್ಯತೆಯೂ ಇದೆ. 'ನಾನೇ ಸೆಟ್ ಮಾಡಿಕೊಡ್ತೀನಿ' ಅನ್ನುವವರು ಈ ಸೆಕ್ಷನ್ ಹೇಳಲ್ಲ.

ಬಾಡಿಗೆ ಮನೆ, ಸಣ್ಣ ಅಂಗಡಿ ಇರುವ ಕಡೆ ಹೆಚ್ಚು ಎಡವಟ್ಟಾಗೋದು ಸೆಕ್ಷನ್ 126ರಲ್ಲಿ. ಮನೆ ಮೀಟರ್‌ನಿಂದ ಮುಂದಿನ ಅಂಗಡಿಗೆ ವೈರ್ ಎಳೆಯೋದು, ಮನೆ ಕಟ್ಟುವಾಗ ಪಕ್ಕದ ಮನೆಯಿಂದ ಲೈನ್ ತಗೊಳ್ಳೋದು ಅನಧಿಕೃತ ಬಳಕೆ. ಅದಕ್ಕೆ ಅನ್ವಯವಾಗುವ ದರದ ಎರಡು ಪಟ್ಟು, ಯಾವಾಗಿಂದ ಅಂತ ಗೊತ್ತಾಗದಿದ್ದರೆ 12 ತಿಂಗಳ ಲೆಕ್ಕ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ವಿಷಯಕ್ಕೆ ಇನ್ನೊಂದು ಮುಖ ಸೇರಿದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗಡಿ ದಾಟದ ಹಾಗೆ ನೋಡಿಕೊಳ್ಳೋಕೆ ಮೀಟರ್ ಮುಟ್ಟಿದರೆ ಉಚಿತ ಕರೆಂಟ್ ಉಳಿಸಲು ಹೋಗಿ 135ಕ್ಕೆ ಸಿಕ್ಕಿಕೊಂಡಂತೆ.

ತಪ್ಪು ಮಾಡದವರಿಗೆ ಇರುವ ದಾರಿ

ತಪಾಸಣೆಗೆ ಬಂದವರ ಗುರುತಿನ ಚೀಟಿ ಕೇಳಿ. ಮನೆಯನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಪರಿಶೀಲಿಸಬೇಕಾದರೆ ಆ ಮನೆಯಲ್ಲಿ ವಾಸವಿರುವ ವಯಸ್ಕ ಗಂಡಸು ಹಾಜರಿರಲೇಬೇಕು ಅಂತ ಕಾಯ್ದೆಯಲ್ಲೇ ಇದೆ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಸಹಿ ಮಾಡಿ ಒಂದು ಪ್ರತಿ ಕೊಡಬೇಕು. ಬಿಳಿ ಹಾಳೆಗೆ ಸಹಿ ಹಾಕಬೇಡಿ. 126ರ ತಾತ್ಕಾಲಿಕ ಆದೇಶ ಬಂದರೆ ಆಕ್ಷೇಪಣೆ ಸಲ್ಲಿಸಬಹುದು. ಅಂತಿಮ ಆದೇಶ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಮೇಲ್ಮನವಿ, ಅದಕ್ಕೆ ಮೊತ್ತದ ಅರ್ಧ ಕಟ್ಟಬೇಕು.

ಮೀಟರ್ ಜೋರಾಗಿ ಓಡುತ್ತಿದೆ ಅನ್ನಿಸಿದರೆ, ಕೇಂದ್ರದ ಗ್ರಾಹಕ ಹಕ್ಕು ನಿಯಮಗಳ 2024ರ ತಿದ್ದುಪಡಿ ಪ್ರಕಾರ ದೂರು ಕೊಟ್ಟ ಐದು ದಿನದೊಳಗೆ ಪಕ್ಕದಲ್ಲೇ ಇನ್ನೊಂದು ಮೀಟರ್ ಕೂರಿಸಿ ಕನಿಷ್ಠ ಮೂರು ತಿಂಗಳು ಹೋಲಿಸಿ ನೋಡಬೇಕು. ಇದನ್ನು ಲಿಖಿತವಾಗಿ ಕೇಳಬೇಕು, ಬಾಯಿಮಾತಿನಲ್ಲಿ ಆಗೋ ಕೆಲಸವಲ್ಲ.

ಟಿಸಿ ಸುಟ್ಟಾಗ, ಲೈನ್ ಕದ್ದಾಗ, ಕೊಕ್ಕೆ ಕಂಡಾಗ ಬೆಸ್ಕಾಂ ಸಹಾಯವಾಣಿ 1912. ಫೋನ್ ಮಾಡಿದಾಗ ಕೊಡುವ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, 24 ಅಥವಾ 72 ಗಂಟೆಯ ಲೆಕ್ಕ ತೋರಿಸೋಕೆ ಅದೇ ದಾಖಲೆ. ಕಂಬದ ಮೇಲೆ ಟಿಸಿ ಕೋಡ್ ಬರೆದಿದ್ದರೆ ಅದನ್ನೂ ಹೇಳಿ. ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲೆ ಆ ಕೆಲಸ ಮತ್ತೆ ಲೋಕಾಯುಕ್ತಕ್ಕೆ ಬಂದಿದೆ. ದುಡ್ಡು ಕೊಟ್ಟ ಮೇಲಲ್ಲ, ಕೇಳಿದಾಗಲೇ ಹೋದರೆ ಬಲೆ ಬೀಸೋಕೆ ಅವರಿಗೆ ಸುಲಭ.